ಲೋಡ್ ಹಾಕಿದರೆ ಪಿಕಪ್ ಹಿಂಭಾಗ ಕೂರುತ್ತಿದೆಯೇ? ಹೊಸ ಪಟ್ಟಿ ಹಾಕಿಸುವ ಮೊದಲು ಇಷ್ಟು ನೋಡಿ

ಮಲೆನಾಡು, ಕೊಡಗಿನ ತೋಟಗಳಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಬಿಡುವು ಅನ್ನುವುದೇ ಇಲ್ಲ. ಬೊಲೆರೊ ಕ್ಯಾಂಪರ್ ಇರಲಿ, ಇಸುಜು ವಿ-ಕ್ರಾಸ್ ಇರಲಿ, ಟೊಯೊಟಾ ಹೈಲಕ್ಸ್ ಇರಲಿ, ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ನೀರಿನ ಟ್ಯಾಂಕ್, ಸಂಜೆ ಕಾಫಿ ಮೂಟೆ. ಅದರ ಮೇಲೆ ಕಬ್ಬಿಣದ ಬಂಪರ್, ವಿಂಚ್, ತಲೆಯ ಮೇಲೊಂದು ಕ್ಯಾರಿಯರ್. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂಭಾಗ ಕೂತು, ಮೂತಿ ಮೇಲೆದ್ದು ನಿಲ್ಲುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನೊಂದು ಪಟ್ಟಿ ಹಾಕಿಸಿ, ಸರಿ ಹೋಗುತ್ತೆ."

ಹೋಗಬಹುದು, ಹೋಗದೆಯೂ ಇರಬಹುದು. ಪಟ್ಟಿ ಅಂದರೆ ಹಿಂದಿನ ಆಕ್ಸಲ್ ಮೇಲೆ ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಲೀಫ್ ಸ್ಪ್ರಿಂಗ್. ದಪ್ಪ ಪಟ್ಟಿ ಗಾಡಿಯನ್ನು ಮೇಲೆತ್ತುತ್ತದೆ, ಅಷ್ಟೇ. ಗಾಡಿ ಎಷ್ಟು ಹೊರಬಲ್ಲದು ಅನ್ನುವುದನ್ನು ಆಕ್ಸಲ್, ವೀಲ್ ಬೇರಿಂಗ್, ಟೈರ್, ಬ್ರೇಕ್, ಚಾಸಿಸ್ ಎಲ್ಲ ಸೇರಿ ತೀರ್ಮಾನಿಸುತ್ತವೆ. ಪಟ್ಟಿ ಬದಲಾಯಿಸಿದರೆ ಇವು ಯಾವುವೂ ಬಲವಾಗುವುದಿಲ್ಲ. ಕೂತ ಗಾಡಿ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹೊರೆ ಜಾಸ್ತಿ ಆಯಿತು ಅಂತ ಗೊತ್ತಾಗುತ್ತದೆ. ಎತ್ತಿ ನಿಲ್ಲಿಸಿದ ಗಾಡಿಯಲ್ಲಿ ಆ ಸೂಚನೆಯೂ ಮಾಯವಾಗುತ್ತದೆ. ಅದಕ್ಕೇ ಮೊದಲು ರೋಗ ಯಾವುದು ಅಂತ ಕಂಡುಕೊಳ್ಳಬೇಕು.

## ಗಾಡಿ ಕೆಳಗೆ ತೂರುವ ಮೊದಲು

ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಗೇರ್‌ನಲ್ಲಿಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಟೈರಿಗೆ ಎರಡೂ ಕಡೆ ಕಲ್ಲು ಕೊಡಿ. ಜಾಕ್ ಇರುವುದು ಎತ್ತಲಿಕ್ಕೆ, ಹಿಡಿದುಕೊಳ್ಳಲಿಕ್ಕಲ್ಲ. ಸ್ಟ್ಯಾಂಡ್ ಕೊಡದೆ ಕೆಳಗೆ ಹೋಗಲೇಬೇಡಿ. ಇಟ್ಟಿಗೆ, ಸೈಜುಗಲ್ಲು, ಮರದ ಬೊಡ್ಡೆ ಸ್ಟ್ಯಾಂಡ್ ಆಗುವುದಿಲ್ಲ. ಮೇಲೆ ಲೋಡ್ ಇದ್ದರೆ ಇಳಿಸಿಯೇ ಜಾಕ್ ಹಾಕಿ. ಕೆಳಗೆ ಹೇಳಿರುವ ಬಹಳಷ್ಟು ತಪಾಸಣೆಗೆ ಗಾಡಿ ಎತ್ತುವ ಅಗತ್ಯವೇ ಇಲ್ಲ. ಒಂದು ಟಾರ್ಚ್, ಒಂದು ಅಳತೆ ಟೇಪು, ಒಂದು ಸೀಮೆಸುಣ್ಣ ಸಾಕು.

ಎರಡು ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಒಂದು, ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವುದು. ಅದು ಒತ್ತಡದಲ್ಲಿ ಕೂತಿರುತ್ತದೆ, ಜಾರಿ ಚಿಮ್ಮಿದರೆ ಮುಖಕ್ಕೇ ಬರುತ್ತದೆ. ಇನ್ನೊಂದು, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಕತ್ತರಿಸುವುದು ಅಥವಾ ಅದಕ್ಕೆ ಬೆಂಕಿ ತಾಗಿಸುವುದು.

## ಮೊದಲ ತಪಾಸಣೆ: ತೂಕ ಮತ್ತು ಅಳತೆ

ಗಾಡಿಯ ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ತೂಕ, ಮತ್ತು ಹೊರೆ ಸೇರಿ ಗಾಡಿ ಮುಟ್ಟಬಹುದಾದ ಒಟ್ಟು ತೂಕ. ಎರಡರ ನಡುವಿನ ವ್ಯತ್ಯಾಸವೆಲ್ಲ ಮೂಟೆಗೆ ಅಂತ ನಾವು ಅಂದುಕೊಳ್ಳುತ್ತೇವೆ. ಅದರಲ್ಲೇ ಒಳಗೆ ಕೂರುವ ಜನ, ಬಂಪರ್, ವಿಂಚ್, ಕ್ಯಾರಿಯರ್, ಟೂಲ್ ಬಾಕ್ಸ್ ಎಲ್ಲ ಕಳೆಯಬೇಕು. ನಾಲ್ಕು ಜನ ಕೂತರೆ ಸುಮಾರು 280 ಕೆಜಿ ಅಲ್ಲೇ ಹೋಯಿತು.

ಹೊರೆಯ ಲೆಕ್ಕ ಬಾಯಲ್ಲೇ ಹಾಕಬಹುದು. ನೀರು ಲೀಟರಿಗೆ ಒಂದು ಕೆಜಿ, ಅಂದರೆ 500 ಲೀಟರ್ ಟ್ಯಾಂಕ್ ತುಂಬಿದರೆ ಅರ್ಧ ಟನ್. ಕಾಫಿ ಮೂಟೆ 50 ಕೆಜಿ. ಸಿಮೆಂಟ್ ಚೀಲವೂ 50. ಯೂರಿಯಾ ಚೀಲ ಈಗ 45. ಮೋಸ ಮಾಡುವುದು ಒದ್ದೆ ಮರಳು. ಒಂದು ಘನ ಮೀಟರ್ ಒದ್ದೆ ಮರಳು ಎರಡು ಟನ್ ಹತ್ತಿರ ತೂಗುತ್ತದೆ. ಬಾಡಿಯಲ್ಲಿ ಅರ್ಧ ಮಾತ್ರ ತುಂಬಿದಂತೆ ಕಾಣುತ್ತದೆ, ಅಷ್ಟಕ್ಕೇ ಪಿಕಪ್ಪಿನ ಮಿತಿ ದಾಟಿರುತ್ತದೆ.

ಅಂದಾಜು ಬೇಡ ಅನ್ನುವುದಾದರೆ ಮಾಮೂಲಿ ಲೋಡ್ ಹಾಕಿಕೊಂಡು ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ಮೊದಲು ಇಡೀ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರ ಹೊರಗೆ, ಹಿಂದಿನ ಚಕ್ರ ಮಾತ್ರ ಮೇಲೆ ಇರುವ ಹಾಗೆ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ. ಆ ಎರಡನೇ ಚೀಟಿಯೇ ಮುಖ್ಯ. ಎಷ್ಟೋ ಗಾಡಿಗಳಲ್ಲಿ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮೇಲೆ ಜಾಸ್ತಿ ಬಿದ್ದಿರುತ್ತದೆ. ಸಸ್ಪೆನ್ಷನ್‌ಗೆ ಹಾಕುವ ದುಡ್ಡಿನ ಮುಂದೆ ಈ ತೂಕದ ಖರ್ಚು ಏನೂ ಅಲ್ಲ. ಆದರೂ ಇದನ್ನು ಮಾಡಿಸುವವರು ಕಮ್ಮಿ. ಯಾಕೋ!

ಇನ್ನು ಅಳತೆ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ, ಮಡ್‌ಗಾರ್ಡ್ ಕಮಾನಿನ ಅಂಚಿನವರೆಗೆ ಟೇಪು ಹಿಡಿಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚು ಕಮ್ಮಿ ಆದರೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಮೂಲೆ, ಖಾಲಿ ಇದ್ದಾಗ ಒಮ್ಮೆ, ಲೋಡ್ ಇದ್ದಾಗ ಒಮ್ಮೆ. ಬರೆದಿಡಿ. ಮುಂದೆ ಪಟ್ಟಿ ಅಂಗಡಿಯವನು ಏನೇ ಹೇಳಿದರೂ ಈ ಎಂಟು ಅಂಕಿ ನಿಮ್ಮ ಕೈಯಲ್ಲಿರಬೇಕು.

## ಲೋಡ್ ಹಾಕಿದಾಗ ಹಿಂಭಾಗ ಕೂರುತ್ತದೆ

ಸ್ವಲ್ಪ ಕೂರಲೇಬೇಕು, ಸ್ಪ್ರಿಂಗ್ ಇರುವುದೇ ಅದಕ್ಕೆ. ಖಾಲಿ ಇದ್ದಾಗ ಪಿಕಪ್ಪಿನ ಹಿಂಭಾಗ ಬೇಕೆಂದೇ ಎತ್ತರವಾಗಿರುತ್ತದೆ. ಲೋಡ್ ಬಿದ್ದಾಗ ಮಟ್ಟಕ್ಕೆ ಬರಲಿ ಅನ್ನುವುದು ಕಂಪನಿಯ ಲೆಕ್ಕ. ಹಿಂದಿನ ಕಡೆ ಮುಂದಿಗಿಂತ ಕೆಳಗಿಳಿದರೆ, ಎದುರಿನ ಗಾಡಿಯವರು ನಿಮ್ಮ ಡಿಮ್ ಲೈಟಿಗೂ ಲೈಟ್ ಹೊಡೆದು ಬೈದರೆ, ಆಗ ಯೋಚಿಸಬೇಕು.

ಮೊದಲು ಹೊರೆ ಎಲ್ಲಿ ಕೂತಿದೆ ನೋಡಿ. ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3 ಮೀಟರಿಗಿಂತ ಚೂರು ಜಾಸ್ತಿ. ಲೆಕ್ಕಕ್ಕೆ 3 ಮೀಟರ್ ಅಂತಲೇ ಇಟ್ಟುಕೊಳ್ಳಿ. 100 ಕೆಜಿಯನ್ನು ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಹಿಂದೆ, ಅಂದರೆ ಬಾಡಿಯ ಕೊನೆಯ ಡೋರಿನ ಹತ್ತಿರ ಇಟ್ಟರೆ, ಆಕ್ಸಲ್ ಮೇಲೆ ಬೀಳುವುದು 133 ಕೆಜಿ. ಆ ಹೆಚ್ಚುವರಿ 33 ಕೆಜಿ ಮುಂದಿನ ಚಕ್ರದ ಮೇಲಿಂದ ಎದ್ದು ಬಂದದ್ದು. ಅದೇ 100 ಕೆಜಿಯನ್ನು ಆಕ್ಸಲಿಗಿಂತ ಅರ್ಧ ಮೀಟರ್ ಮುಂದೆ, ಕ್ಯಾಬಿನ್ ಕಡೆಗೆ ಇಟ್ಟರೆ ಹಿಂದಿನ ಆಕ್ಸಲಿಗೆ 83 ಮಾತ್ರ. ನೀರಿನ ಟ್ಯಾಂಕನ್ನು ಕ್ಯಾಬಿನ್ನಿಗೆ ಅಂಟಿಸಿ ಕಟ್ಟುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೀವೇ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು, ಗಾಳಿ. ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರಿನಲ್ಲಿ ಖಾಲಿ ಗಾಡಿಗೆ ಒಂದು, ಪೂರ್ತಿ ಲೋಡಿಗೆ ಇನ್ನೊಂದು ಒತ್ತಡ ಬರೆದಿರುತ್ತಾರೆ. ಲೋಡ್ ಇರುವಾಗಲೂ ಖಾಲಿ ಗಾಳಿಯಲ್ಲೇ ಓಡಿಸುವವರು ಬಹಳ. ಟೈರಿನ ಪಕ್ಕದಲ್ಲಿರುವ ಲೋಡ್ ಅಂಕಿಯನ್ನೂ ಓದಿ. 104 ಅಂದರೆ ಒಂದು ಟೈರ್ 900 ಕೆಜಿ ತಡೆಯುತ್ತದೆ, 110 ಅಂದರೆ 1060, 112 ಅಂದರೆ 1120. ದಪ್ಪ ಹಲ್ಲಿನ ಚಂದದ ಟೈರ್ ಹಾಕಿಸುವಾಗ ಈ ಅಂಕಿ ಹಳೆಯದಕ್ಕಿಂತ ಕೆಳಗಿಳಿಯಬಾರದು.

ಮೂರನೆಯದಕ್ಕೆ ಟಾರ್ಚ್ ಬೇಕು. ಪಟ್ಟಿ ಕಟ್ಟನ್ನು ಪಕ್ಕದಿಂದ ನೋಡಿ. ಖಾಲಿ ಗಾಡಿಯಲ್ಲೂ ಪಟ್ಟಿ ನೇರವಾಗಿ ಕೂತಿದ್ದರೆ, ಅಥವಾ ನಡುವೆ ಮೇಲಕ್ಕೆ ಉಬ್ಬಿ ಕಮಾನು ತಿರುಗಿಬಿಟ್ಟಿದ್ದರೆ, ಉಕ್ಕು ದಣಿದಿದೆ. ಖಾಲಿ ಇದ್ದಾಗ ಚೆನ್ನಾಗಿ ಬಾಗಿದ್ದು, ಲೋಡ್ ಹಾಕಿದಾಗ ಮಾತ್ರ ನೇರವಾಗುತ್ತಿದ್ದರೆ ಪಟ್ಟಿ ಸರಿಯಾಗಿದೆ, ಹೊರೆ ಜಾಸ್ತಿ. ಈ ಎರಡನ್ನೂ ಒಂದೇ ಅಂತ ತಿಳಿದು ಹೊಸ ಪಟ್ಟಿ ಹಾಕಿಸಿಕೊಳ್ಳುವವರೇ ಹೆಚ್ಚು.

ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಗಾಡಿ ಎತ್ತರ ಆಗುತ್ತದೆ ಅನ್ನುವ ನಂಬಿಕೆಯೊಂದಿದೆ. ಆಗುವುದಿಲ್ಲ. ತೂಕ ಹೊರುವುದು ಸ್ಪ್ರಿಂಗ್, ಕುಣಿತ ತಡೆಯುವುದು ಶಾಕ್. ಕೂತ ಗಾಡಿಗೆ ದುಬಾರಿ ಶಾಕ್ ಹಾಕಿದರೆ, ಕೂತೇ ಇರುವ, ಆದರೆ ಕಮ್ಮಿ ಕುಣಿಯುವ ಗಾಡಿ ಸಿಗುತ್ತದೆ.

ಹಳೆ ಪಟ್ಟಿಯನ್ನು ಬಡಿದು ಮತ್ತೆ ಬಾಗಿಸಿಕೊಡುವವರೂ ಇದ್ದಾರೆ. ಅಗ್ಗದ ದಾರಿ. ತಾತ್ಕಾಲಿಕಕ್ಕೆ ಪರವಾಗಿಲ್ಲ, ಆದರೆ ದಣಿದ ಉಕ್ಕು ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಪಟ್ಟಿಗೆ ವೆಲ್ಡಿಂಗ್ ಮಾತ್ರ ಯಾವ ಕಾರಣಕ್ಕೂ ಬೇಡ. ಕಾಯಿಸಿ ಹದ ಮಾಡಿದ ಉಕ್ಕದು. ಬಿಸಿ ತಾಗಿದ ಜಾಗದಲ್ಲಿ ಹದ ಹೋಗಿ, ಪಕ್ಕದಲ್ಲೇ ಮುರಿಯುತ್ತದೆ.

## ಒಂದೇ ಕಡೆ ವಾಲಿದೆ

ಎಡ ಬಲ 10 ಮಿಲಿಮೀಟರ್ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಡೀಸೆಲ್ ಟ್ಯಾಂಕ್, ಡ್ರೈವರ್, ಬ್ಯಾಟರಿ ಎಲ್ಲ ಸಮವಾಗಿ ಕೂತಿರುವುದಿಲ್ಲ. 20 ದಾಟಿದರೆ ಹುಡುಕಲು ಶುರು ಮಾಡಿ.

ಗಾಡಿ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ವಾಲುವ ಕಡೆಯೂ ತಿರುಗಿದರೆ ತಪ್ಪು ನೆಲದ್ದು. ಇಲ್ಲವಾದರೆ ಪಟ್ಟಿಗಳನ್ನು ಒಂದೊಂದಾಗಿ, ಮಣ್ಣು ತೊಳೆದು ನೋಡಿ. ಮುರಿದ ಪಟ್ಟಿ ಕೆಸರಿನಡಿ ಕಾಣಿಸುವುದೇ ಇಲ್ಲ. ಸೀಳಿದ ಜಾಗದಲ್ಲಿ ತುಕ್ಕಿನ ಕೆಂಪು ಗೆರೆ, ಅಥವಾ ಮುರಿದ ತುದಿ ಪಕ್ಕಕ್ಕೆ ಸರಿದಿರುವುದು, ಇವೇ ಗುರುತು. ಹೆಚ್ಚಾಗಿ ಮುರಿಯುವುದು ನಡುವೆ, ಪಟ್ಟಿಗಳನ್ನು ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಯಾಕೆಂದರೆ ಪಟ್ಟಿ ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾದ ಮೇಲೆ ಬಾಗುವ ಒತ್ತಡವೆಲ್ಲ ಆ ತೂತಿನ ಮೇಲೆ ಬೀಳುತ್ತದೆ. ಹಾಗಾಗಿ ನಡುವೆ ಮುರಿದ ಪಟ್ಟಿ ಸಿಕ್ಕಿದರೆ ಅದನ್ನಷ್ಟೇ ಬದಲಾಯಿಸಿ ಸುಮ್ಮನಾಗಬೇಡಿ, ಯು ಬೋಲ್ಟ್ ಯಾಕೆ ಸಡಿಲವಾಯಿತು ಅಂತ ಕೇಳಿ.

ಕೆಳಗಿನ ಸಣ್ಣ ಪಟ್ಟಿ ಮುರಿದಿದ್ದರೆ ಲೋಡ್ ಇಳಿಸಿ, ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಮೇಲಿನ ಮೊದಲ ಪಟ್ಟಿ, ಅಂದರೆ ಎರಡೂ ತುದಿಯಲ್ಲಿ ಬುಷ್ (ರಬ್ಬರ್ ಬಳೆ) ಕೂರುವ ಸುರುಳಿ ಇರುವ ಪಟ್ಟಿ ಮುರಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿರುವುದೇ ಆ ಪಟ್ಟಿ. ಶಿರಾಡಿ ಘಾಟಿಯ ತಿರುವಿನಲ್ಲಿ ಅದು ಕೈ ಕೊಟ್ಟರೆ ಬ್ರೇಕ್ ಪೈಪೂ ಹರಿದು ಹೋಗಬಹುದು. ಟೋ ಮಾಡಿಸಿ.

## ಗುಂಡಿಗೆ ಬಿದ್ದಾಗ ಧಡ್ ಅನ್ನುತ್ತದೆ

ಚಾಸಿಸ್ ಮತ್ತು ಆಕ್ಸಲ್ ನಡುವೆ ಕಪ್ಪು ರಬ್ಬರಿನ ಗಟ್ಟಿ ತುಂಡು ಇರುತ್ತದೆ, ಬಂಪ್ ಸ್ಟಾಪ್. ಲೋಡ್ ಹಾಕಿ, ಗಾಡಿ ನಿಂತಿರುವಾಗಲೇ ಅದಕ್ಕೂ ಆಕ್ಸಲಿಗೂ ಎಷ್ಟು ಜಾಗ ಉಳಿದಿದೆ ಅಳೆಯಿರಿ. ಎರಡು ಬೆರಳು ತೂರದಿದ್ದರೆ ಪ್ರತಿ ಗುಂಡಿಗೂ ಅದು ತಾಗುತ್ತಿದೆ ಅಂತ ಅರ್ಥ. ಆಕ್ಸಲ್ ಮೇಲೆ ಸೀಮೆಸುಣ್ಣ ಬಳಿದು ಒಂದು ಸುತ್ತು ಹೋಗಿ ಬನ್ನಿ, ರಬ್ಬರಿಗೆ ಬಿಳಿ ಹತ್ತಿದೆಯಾ ನೋಡಿ. ರಬ್ಬರೇ ಹರಿದು ಹೋಗಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಹೊಸದು ಅಗ್ಗ, ಮೊದಲು ಅದನ್ನು ಹಾಕಿಸಿ.

ಜಾಗ ಸಾಕಷ್ಟಿದ್ದೂ ಬಡಿಯುತ್ತಿದ್ದರೆ ಪಟ್ಟಿಯ ಹಿಂದಿನ ತುದಿಯ ಶ್ಯಾಕಲ್ ನೋಡಿ. ಪಟ್ಟಿ ನೇರವಾದಂತೆ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್‌ನ ಕೆಲಸ. ಲೋಡ್ ಇದ್ದಾಗ ಅದು ಹಿಂದಕ್ಕೆ ಪೂರ್ತಿ ಮಲಗಿ ಚಾಸಿಸ್‌ಗೆ ತಾಗಿದ್ದರೆ ಪಟ್ಟಿಗೆ ಹೋಗಲು ಜಾಗವಿಲ್ಲ. ಆಗ ಸಸ್ಪೆನ್ಷನ್ ಇದ್ದೂ ಇಲ್ಲದ ಹಾಗೆ, ಗಾಡಿ ಎತ್ತಿನಗಾಡಿಯಂತೆ ಕುಕ್ಕುತ್ತದೆ. ಹೆಚ್ಚುವರಿ ಪಟ್ಟಿ ಸೇರಿಸಿದ ಗಾಡಿಗಳಲ್ಲಿ ಹೊಸ ಪಟ್ಟಿಯ ಉದ್ದ ತಪ್ಪಾಗಿ ಹೀಗಾಗುವುದೂ ಉಂಟು.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನ ಗೇರ್) ಹಾಕಿ ಜಾರು ಏರು ಹತ್ತುವಾಗ ಮಾತ್ರ ಹಿಂದೆ ಧಡ ಧಡ ಅಂದರೆ ಅದು ಬೇರೆ ಕಥೆ. ಚಕ್ರ ಕಚ್ಚಿ ಬಿಟ್ಟು ಕಚ್ಚಿ ಬಿಟ್ಟು ಮಾಡುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಿ ಇಂಗ್ಲಿಷಿನ ಎಸ್ ಆಕಾರಕ್ಕೆ ಮಣಿಯುತ್ತದೆ. ಆಕ್ಸಿಲರೇಟರ್ ಬಿಡಿ, ಗಾಡಿ ಹಿಂದಕ್ಕೆ ಇಳಿಸಿ ಬೇರೆ ಗೆರೆ ಹಿಡಿದು ಹತ್ತಿ. ಒತ್ತುತ್ತಾ ಹೋದರೆ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಮುರಿಯುತ್ತದೆ.

## ಕಿರಕಿರ, ಟಕಟಕ

ಕಿರಕಿರ ಅಂದರೆ ಹೆಚ್ಚಿನ ಸಲ ಪಟ್ಟಿ ಬುಷ್ ಒಣಗಿದೆ, ಅಥವಾ ಪಟ್ಟಿಗಳ ನಡುವೆ ಮಣ್ಣು ಸೇರಿದೆ. ಒತ್ತಡದ ನೀರಿನಲ್ಲಿ ತೊಳೆಯಿರಿ. ಅರ್ಧ ಗಾಡಿಗಳು ಅಲ್ಲಿಗೇ ಸುಮ್ಮನಾಗುತ್ತವೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆ ಅಭ್ಯಾಸ ಬಿಡಿ. ಎಣ್ಣೆ ತಾಗಿದರೆ ರಬ್ಬರ್ ಬುಷ್ ಊದಿ ಮೆತ್ತಗಾಗುತ್ತದೆ, ಮೇಲೆ ಧೂಳೂ ಹಿಡಿಯುತ್ತದೆ. ಗ್ರೀಸ್ ನಿಪ್ಪಲ್ ಇರುವ ಶ್ಯಾಕಲ್ ಪಿನ್ನಾದರೆ ಗ್ರೀಸ್ ಹೊಡೆಸಿ.

ಸಣ್ಣ ಗುಂಡಿಗೆ ಟಕಟಕ ಅಂದರೆ ಶಾಕ್‌ನ ಮೇಲಿನ ಕೆಳಗಿನ ಬುಷ್, ಮುಂದೆ ಸ್ಟೆಬಿಲೈಸರ್ ಲಿಂಕ್. ಕೈಯಲ್ಲಿ ಹಿಡಿದು ಅಲುಗಿಸಿದರೇ ಗೊತ್ತಾಗುತ್ತದೆ.

## ಒಮ್ಮೆ ಎದ್ದರೆ ಕುಣಿಯುತ್ತಲೇ ಇರುತ್ತದೆ

ಹಂಪ್ ದಾಟಿದ ಮೇಲೆ ಗಾಡಿ ಒಂದು ಸಲ ಏಳಬೇಕು, ಇಳಿದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಶಾಕ್ ಸತ್ತಿದೆ. ಮೂಲೆ ಒತ್ತಿ ನೋಡುವ ಪರೀಕ್ಷೆ ಕಾರಿಗೆ ಸರಿ, ಪಿಕಪ್ಪಿನ ಗಟ್ಟಿ ಪಟ್ಟಿಯ ಮುಂದೆ ನಡೆಯುವುದಿಲ್ಲ.

ಇದಕ್ಕಿಂತ ಒಳ್ಳೆಯ ಉಪಾಯ ಇದೆ. ಶಾಕ್ ಕೆಲಸ ಮಾಡುವುದೆಂದರೆ ಕುಣಿತವನ್ನು ಬಿಸಿಯಾಗಿ ಬದಲಾಯಿಸುವುದು. ಹಾಳು ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ನಿಲ್ಲಿಸಿದ ಕೂಡಲೇ ಹಿಂದಿನ ಎರಡೂ ಶಾಕ್‌ಗಳ ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ. ಎರಡೂ ಸಮ ಬಿಸಿ ಇರಬೇಕು. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸುಮ್ನೆ ಜೊತೆಗೆ ಬರುತ್ತಿದೆ, ಕೆಲಸ ಮಾಡುತ್ತಿಲ್ಲ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಇರುತ್ತದೆ, ಜೋಪಾನ.

ಶಾಕ್ ಮೇಲೆ ತೆಳುವಾಗಿ ಎಣ್ಣೆ ಪಸೆ, ಅದಕ್ಕೆ ಅಂಟಿದ ಧೂಳು ಕಂಡರೆ ಗಾಬರಿ ಬೇಡ. ಎಣ್ಣೆ ಹರಿದು ಕೆಳಗೆ ತೊಟ್ಟಿಕ್ಕಿದ್ದರೆ ಬದಲಾಯಿಸಿ, ಯಾವಾಗಲೂ ಜೋಡಿಯಾಗಿ. ಉದ್ದದ ಮಣ್ಣಿನ ರಸ್ತೆಯಲ್ಲಿ ಮೊದಲರ್ಧ ಗಂಟೆ ಸರಿ, ಆಮೇಲೆ ಕುಣಿತ ಶುರು ಅನ್ನುವುದಾದರೆ ಶಾಕ್ ಕಾದು ಸೋಲುತ್ತಿದೆ. ದಿನವೂ ಲೋಡಿನಲ್ಲೇ ಓಡುವ ಗಾಡಿಗೆ ದಪ್ಪ ಕೊಳವೆಯ, ಎಣ್ಣೆ ಜಾಸ್ತಿ ಹಿಡಿಯುವ ಶಾಕ್ ಹಾಕಿಸಿ, ದುಡ್ಡಿಗೆ ನಿಜವಾಗಿ ಬೆಲೆ ಬರುವ ಜಾಗ ಇದು.

## ಸ್ಟೀರಿಂಗ್ ಹಗುರವಾಗಿ, ತೇಲಿದಂತೆ ಅನ್ನಿಸುತ್ತದೆ

ಮೇಲೆ ಹೇಳಿದ 33 ಕೆಜಿ ಲೆಕ್ಕ ನೆನಪಿದೆಯಲ್ಲ, ಇದು ಅದರದ್ದೇ ಫಲ. ಹಿಂದೆ ಹೊರೆ ಹೆಚ್ಚಾಗಿ ಮುಂದಿನ ಟೈರ್ ನೆಲವನ್ನು ಹಗುರವಾಗಿ ಹಿಡಿದಿದೆ. ಮಳೆಯಲ್ಲಿ ಇಳಿಜಾರಿನ ತಿರುವಿಗೆ ಇದು ಅಪಾಯ. ಹೊರೆ ಮುಂದಕ್ಕೆ ಸರಿಸಿ ಓಡಿಸಿ ನೋಡಿ. ಸರಿ ಹೋದರೆ ರೋಗ ಗೊತ್ತಾಯಿತು.

ಖಾಲಿ ಗಾಡಿಯಲ್ಲೂ ಹಾಗೇ ಇದ್ದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್ ನೋಡಿಸಿ, ಆಮೇಲೆ ಅಲೈನ್‌ಮೆಂಟ್. ಬಾಲ್ ಜಾಯಿಂಟಿನಲ್ಲಿ ಆಟ ಕಂಡರೆ ಗಾಡಿ ಮನೆಗೆ ತರಬೇಡಿ, ಅಲ್ಲೇ ರಿಪೇರಿ ಮಾಡಿಸಿ.

## ಹಿಂದಿನಿಂದ ನೋಡಿದರೆ ಓರೆಯಾಗಿ ಓಡುತ್ತಿದೆ

ಇದನ್ನು ನೀವು ಕಾಣುವುದಿಲ್ಲ, ಹಿಂದೆ ಬರುವ ಬೈಕಿನವನು ಹೇಳುತ್ತಾನೆ. ಎಡಗಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿಯಿರಿ, ಬಲಗಡೆಯೂ ಹಿಡಿಯಿರಿ. ಸ್ಟೀರಿಂಗ್ ನೇರ ಇರಲಿ. ಎರಡರ ನಡುವೆ ಗಮನಕ್ಕೆ ಬರುವಷ್ಟು ವ್ಯತ್ಯಾಸ ಇದ್ದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಒಂದು ಕಡೆ ಸರಿದಿದೆ. ಯು ಬೋಲ್ಟ್ ಪ್ಲೇಟಿನ ಪಕ್ಕದಲ್ಲಿ ಹೊಳೆಯುವ ಹೊಸ ಉಜ್ಜಿದ ಗುರುತು ಕಾಣುತ್ತದೆ. ಓಡಿಸಬೇಡಿ.

## ಹೊಸ ಪಟ್ಟಿ ಹಾಕಿಸಿದ ಮೇಲೆ ಬಂದ ಕಾಯಿಲೆ

ಗ್ಯಾರೇಜಿಗೆ ಸಸ್ಪೆನ್ಷನ್ ದೂರು ಹೊತ್ತು ಬರುವ ಗಾಡಿಗಳಲ್ಲಿ ಈಗಾಗಲೇ ಅಪ್‌ಗ್ರೇಡ್ ಆದವೂ ಕಡಿಮೆ ಇಲ್ಲ.

ಖಾಲಿ ಇದ್ದಾಗ ಹಿಂಭಾಗ ಹಾರುತ್ತದೆ. ಪಟ್ಟಿಯನ್ನು ಪೂರ್ತಿ ಲೋಡಿಗೆ ಲೆಕ್ಕ ಹಾಕಿ ಕೊಟ್ಟಿದ್ದಾರೆ, ನೀವು ಅರ್ಧ ದಿನ ಖಾಲಿ ಓಡಿಸುತ್ತೀರಿ. ಒದ್ದೆ ರಸ್ತೆಯಲ್ಲಿ ಹಾರುವ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಗಾಳಿ ಖಾಲಿ ಗಾಡಿಯ ಅಂಕಿಗೆ ಇಳಿಸಿ ನೋಡಿ. ಆಗಲೂ ಹಾರಿದರೆ ಒಂದು ಪಟ್ಟಿ ತೆಗೆಸಬೇಕು.

ಹೊರಡುವಾಗ ನಡುಗುತ್ತದೆ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಸೀಟಿನ ಕೆಳಗೆ ಗಡಗಡ ಅಂದು, ವೇಗ ಬಂದ ಮೇಲೆ ನಿಂತರೆ, ಹಿಂಭಾಗ ಎತ್ತಿದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿದೆ. ಎರಡು ತುಂಡಿನ ಶಾಫ್ಟ್ ಇರುವ ಗಾಡಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಪಟ್ಟಿ ಮತ್ತು ಆಕ್ಸಲ್ ನಡುವೆ ತೆಳು ಬೆಣೆ ಕೊಟ್ಟು ಆಕ್ಸಲ್ ತಿರುಗಿಸುತ್ತಾರೆ, ಅಥವಾ ನಡುವಿನ ಬೇರಿಂಗನ್ನು ಸ್ವಲ್ಪ ಇಳಿಸುತ್ತಾರೆ. ಕೋನ ಅಳೆಯದೆ ಅಂದಾಜಿನಲ್ಲಿ ಬೆಣೆ ಬಡಿಯುವವರ ಕೈಗೆ ಕೊಡಬೇಡಿ.

ಬ್ರೇಕ್ ಮೊದಲಿನಂತೆ ಹಿಡಿಯುವುದಿಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಚಾಸಿಸ್‌ಗೆ ಒಂದು ಬ್ರೇಕ್ ವಾಲ್ವ್ ಕೂರಿಸಿ, ಅದರಿಂದ ಆಕ್ಸಲಿಗೆ ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಗಾಡಿ ಕೂತಷ್ಟೂ ಲೋಡ್ ಇದೆ ಅಂತ ತಿಳಿದು ಅದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ನೀವು ಪಟ್ಟಿ ಹಾಕಿ ಗಾಡಿ ಎತ್ತಿದಿರಿ. ಮೇಲೆ ಒಂದು ಟನ್ ಇದ್ದರೂ ವಾಲ್ವ್ ಖಾಲಿ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಪಟ್ಟಿ ಹಾಕಿದವರು ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿದ್ದಾರಾ ಕೇಳಿ. ಮುಖ ಮುಖ ನೋಡಿಕೊಂಡರೆ ಬ್ರೇಕ್ ಬಲ್ಲವರ ಹತ್ತಿರ ಹೋಗಿ. ಚಾರ್ಮಾಡಿ ಇಳಿಯುವ ಮೊದಲು ಆಗಲೇಬೇಕಾದ ಕೆಲಸ ಇದು. ಬ್ರೇಕ್ ಹೋಸ್ ಎಳೆದಂತೆ ಬಿಗಿಯಾಗಿದೆಯಾ ಅನ್ನುವುದನ್ನೂ ಚಕ್ರ ಪೂರ್ತಿ ಇಳಿಬಿಟ್ಟು ನೋಡಿಸಿ.

ಬುಷ್ ಬೇಗ ಹಾಳಾಗುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿ ಮಾಡಿದ್ದಾರೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂತಿದೆ. ಕೊನೆಯ ಬಿಗಿತ ಯಾವಾಗಲೂ ಚಕ್ರ ನೆಲದ ಮೇಲೆ, ಗಾಡಿ ತನ್ನ ಎತ್ತರದಲ್ಲಿ ಕೂತ ಮೇಲೆ.

ಮುಂದೆಯೂ ಎತ್ತಿಸಿದ ಮೇಲೆ ಟೈರ್ ಒಂದೇ ಅಂಚಿಗೆ ಸವೆಯುತ್ತದೆ, ತಿರುವಿನಲ್ಲಿ ಕಟಕಟ ಅನ್ನುತ್ತದೆ. ಅಲೈನ್‌ಮೆಂಟ್ ಮಾಡಿಸಿಲ್ಲ, ಅಥವಾ ಎತ್ತಿದ್ದು ಜಾಸ್ತಿಯಾಗಿ ಸರಿಪಡಿಸುವ ಮಿತಿ ದಾಟಿದೆ. ಮುಂದಿನ ಆಕ್ಸಲ್ ಶಾಫ್ಟಿನ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಹರಿದು ಗ್ರೀಸ್ ಚೆಲ್ಲಿದ್ದರೆ ಜಾಯಿಂಟಿಗೆ ಕೆಸರು ಸೇರುವ ಮೊದಲೇ ಬದಲಾಯಿಸಿ.

## ಕ್ಯಾಬಿನ್ ಮತ್ತು ಬಾಡಿ ನಡುವಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು

ಈ ಒಂದು ಲಕ್ಷಣ ಕಂಡರೆ ಉಳಿದದ್ದೆಲ್ಲ ಬಿಟ್ಟು ಗಾಡಿ ನಿಲ್ಲಿಸಿ. ಚಾಸಿಸ್ ಬಾಗಿದೆ. ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಾಚೆ ಬಾಡಿ ತುಂಬಾ ಚಾಚಿಕೊಂಡಿರುತ್ತದೆ. ಅಲ್ಲಿ ಭಾರ ಹೇರಿ ಗುಂಡಿಗೆ ಹಾರಿಸಿದರೆ ಕ್ಯಾಬಿನ್ನಿನ ಹಿಂದೆ ಚಾಸಿಸ್ ಮಣಿಯುತ್ತದೆ. ಪಟ್ಟಿಗೆ ಆಸರೆಯಾಗಿ ಆಕ್ಸಲ್ ಮತ್ತು ಚಾಸಿಸ್ ನಡುವೆ ಕೂರಿಸುವ ಗಾಳಿ ಚೀಲ ಹಾಕಿದ ಗಾಡಿಗೆ ಈ ಭಯ ಇನ್ನೂ ಜಾಸ್ತಿ. ಪಟ್ಟಿ ತನ್ನ ಭಾರವನ್ನು ಮುಂದೊಂದು ಹಿಂದೊಂದು ಎರಡು ಜಾಗಕ್ಕೆ ಹಂಚುತ್ತದೆ. ಗಾಳಿ ಚೀಲ ಎರಡರ ನಡುವೆ ಒಂದೇ ಜಾಗದಲ್ಲಿ ಚಾಸಿಸ್ಸನ್ನು ಮೇಲಕ್ಕೆ ಒತ್ತುತ್ತದೆ. ಆಸ್ಟ್ರೇಲಿಯಾದ ಕ್ಯಾಂಪಿಂಗ್ ಪಿಕಪ್‌ಗಳಲ್ಲಿ ಹೀಗೆ ಬೆನ್ನು ಮುರಿದವು ಕುಖ್ಯಾತ. ಅಪರೂಪಕ್ಕೊಮ್ಮೆ ಲೋಡ್ ಹಾಕುವವರಿಗೆ ಗಾಳಿ ಚೀಲ ಸರಿ. ದಿನಾ ಹೊರುವ ಗಾಡಿಗೆ ನಾನು ಹಾಕಿಸುವುದಿಲ್ಲ.

ಚಾಸಿಸ್ ಕೆಲಸ ಮನೆ ಪಕ್ಕದ ವೆಲ್ಡಿಂಗ್ ಅಂಗಡಿಯದ್ದಲ್ಲ. ಕಂಪನಿ ವರ್ಕ್‌ಶಾಪಿಗೆ ಟೋ ಮಾಡಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.

## ಎಲ್ಲ ನೋಡಿಯೂ ಪಟ್ಟಿಯೇ ಬೇಕು ಅಂತಾದರೆ

ತೂಕ ಮಿತಿಯೊಳಗಿದೆ, ಹೊರೆ ಸರಿಯಾದ ಜಾಗದಲ್ಲಿದೆ, ಆದರೂ ಕೂರುತ್ತದೆ ಅಂದಾಗ ಹೊಸ ಪಟ್ಟಿಯ ಮಾತು. ಅಂಗಡಿಗೆ ಹೋಗಿ "ಹೆವಿ ಹಾಕಿ" ಅನ್ನಬೇಡಿ. ಮೂರು ವಿಷಯ ಹೇಳಿ: ಯಾವಾಗಲೂ ಇಳಿಯದೆ ಇರುವ ಭಾರ ಎಷ್ಟು, ಅಪರೂಪಕ್ಕೆ ಬೀಳುವ ಗರಿಷ್ಠ ಭಾರ ಎಷ್ಟು, ಖಾಲಿ ಮತ್ತು ಲೋಡಿನಲ್ಲಿ ಅಳೆದ ಎತ್ತರ ಎಷ್ಟು.

ನಿಮ್ಮ ಪಟ್ಟಿಯ ಗಟ್ಟಿತನವನ್ನೂ ನೀವೇ ಅಂದಾಜು ಮಾಡಬಹುದು. ಹಿಂದಿನ ಆಕ್ಸಲಿನ ನೇರ ಮೇಲೆ 500 ಕೆಜಿ ಇಟ್ಟಾಗ ಎರಡೂ ಕಡೆ 60 ಮಿಲಿಮೀಟರ್ ಇಳಿದರೆ, ಒಂದೊಂದು ಪಟ್ಟಿಗೆ 250 ಕೆಜಿ, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 4 ಕೆಜಿ. ಹೊಸ ಪಟ್ಟಿಯ ಅಂಕಿ ಎಷ್ಟು ಅಂತ ಕೇಳಿ ಹೋಲಿಸಿ. ಉತ್ತರ ಕೊಡಲಾಗದವರ ಹತ್ತಿರ ಮೌಲ್ಯದ ಮಾಲು ಇರುವುದು ಅನುಮಾನ.

ಆಗೊಮ್ಮೆ ಈಗೊಮ್ಮೆ ಹೊರುವವರಿಗೆ ಕೆಳಗೆ ಒಂದು ದಪ್ಪ, ನೇರ ಪಟ್ಟಿ ಇರುವ ಕಟ್ಟು ಒಳ್ಳೆಯದು. ಖಾಲಿ ಇದ್ದಾಗ ಅದು ಮೇಲಿನ ಪಟ್ಟಿಗೆ ತಾಗುವುದಿಲ್ಲ, ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಯಾವಾಗಲೂ ತುಂಬಿಕೊಂಡೇ ಓಡುವ ಗಾಡಿಗೆ ಪೂರ್ತಿ ಹೊಸ ಕಟ್ಟೇ ಸರಿ. ಹಳೆ ದಣಿದ ಪಟ್ಟಿಗಳ ನಡುವೆ ಒಂದು ಹೊಸದನ್ನು ಸೇರಿಸಿದರೆ ಭಾರವೆಲ್ಲ ಆ ಹೊಸದರ ಮೇಲೆ ಬಿದ್ದು ಅದೇ ಮೊದಲು ಮುರಿಯುತ್ತದೆ.

ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ 194ನೇ ಕಲಂನಲ್ಲಿ ಹೆಚ್ಚು ಹೊರೆಗೆ ದಂಡ 20,000 ರೂಪಾಯಿ, ಮಿತಿ ಮೀರಿದ ಪ್ರತಿ ಟನ್‌ಗೆ ಮತ್ತೆ 2,000. ದಪ್ಪ ಪಟ್ಟಿ ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ತೂಕ ಹೆಚ್ಚಾಗುವುದಿಲ್ಲ. ಎತ್ತರವೇ ಬದಲಾಗುವಷ್ಟು ಕೆಲಸ ಮಾಡಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಮತ್ತು ಇನ್ಶೂರೆನ್ಸ್‌ನವರಲ್ಲಿ ಕೇಳಿಕೊಳ್ಳಿ. ಅಪಘಾತ ಆದ ಮೇಲೆ ಈ ಪ್ರಶ್ನೆ ಅವರೇ ಕೇಳುತ್ತಾರೆ.

ಪಟ್ಟಿ ಹಾಕುವಾಗ ಯು ಬೋಲ್ಟ್ ಹೊಸದೇ ಇರಲಿ. ಒಮ್ಮೆ ಬಿಗಿದಾಗ ಅವು ಎಳೆದುಕೊಂಡು ಉದ್ದವಾಗಿರುತ್ತವೆ, ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿಸಿ. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂರಲು ಕೆಲ ದಿನ ಬೇಕು. 100 ಕಿಲೋಮೀಟರ್ ಆದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಯು ಬೋಲ್ಟ್ ಬಿಗಿ ನೋಡಿಸಿ. ಹೆಡ್‌ಲೈಟ್ ಮಟ್ಟವನ್ನೂ ಆಗಲೇ ಸರಿ ಮಾಡಿಸಿ. ಎಂಟು ಅಳತೆಗಳನ್ನು ಮತ್ತೆ ತೆಗೆದು, ದಿನಾಂಕ ಹಾಕಿ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.